ಎರಡೂ ಮಗ್ಗುಲು ನೋಡಿ ಆರಿಸಿದ ಬೀಜ

ಹಾಸನ
ತಾ. ೧೪-೩-೧೯೪೬

ಮಗು ಪಾಲಾಕ್ಷ,

ಅಮ್ಮನ ತುಂಬು ಆಶೀರ್ವಾದ. ಕೆಮ್ಮು ಹೇಗಿದೆ? ಬೆಂಗಳೂರಿನ ಮಿಲ್ಲಿನ ಹತ್ತಿಧೂಳು ಎದೆಗೆ ಇಳಿಯದ ಹಾಗೆ ಮೂಗಿಗೆ ಬಟ್ಟೆ ಕಟ್ಟಿಕೊ ಎಂದು ಎಷ್ಟು ಸಲ ಬರೆಯಲಿ? ಅಲ್ಲಿ ಮೆಣಸಿನ ಕಷಾಯ ಕಾಯಿಸಿ ಕೊಡುವವರಿಲ್ಲ, ನಿನಗೋ ಮೈಗಳ್ಳತನ. ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನಿಮ್ಮಪ್ಪನ ಕೆಲಸವೂ ಉಳಿಯಿತು, ನನ್ನದೂ ಉಳಿಯಿತು. ಇಷ್ಟು ಬರೆಯುವುದರೊಳಗೆ ಎದೆಯ ಭಾರ ಇಳಿಯಿತು ಕಣಪ್ಪ.

ಸುವರ್ಣಮ್ಮ ಗೊತ್ತಲ್ಲ, ಕಾಫಿ ಕಾರ್ಖಾನೆಯಲ್ಲಿ ನನ್ನ ಪಕ್ಕ ಕೂತು ಬೀಜ ಆರಿಸುವವಳು. ಹೊರಗೆ ಹುಣಸೆಮರಕ್ಕೆ ಕಟ್ಟಿದ ಜೋಲಿಯಲ್ಲಿ ಕೂಸು ಅಳುತ್ತಿತ್ತೆಂದು ಎದ್ದು ಹೋಗಿ ಹಾಲು ಕೊಟ್ಟು ಬಂದಳು. ಅಷ್ಟಕ್ಕೇ ಸಾಹುಕಾರರು ಅವಳನ್ನು ಕೆಲಸದಿಂದ ತೆಗೆದರು. ಎಲ್ಲರೂ ಗೇಟಿನ ಹೊರಗೆ ಕೂರೋಣವೆಂದು ಹೆಂಗಸರು ಕುದಿಯುತ್ತಿದ್ದರು. ಆಗ ನಿನ್ನ ಕಾಗದ ನೆನಪಾಯಿತು. ಹೊರಗೆ ಕೂತರೆ ನಾಳೆಯೇ ಬೇರೆಯವರನ್ನು ತರುತ್ತಾರೆ, ಒಳಗಿದ್ದೇ ಕೆಲಸ ನಿಧಾನ ಮಾಡಿದರೆ ಅವರ ಆಟ ನಡೆಯುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನೇ ಅವರಿಗೆ ಓದಿ ಹೇಳಿದೆ. ಮಾರನೆಯ ದಿನದಿಂದ ನಲವತ್ತು ಜನವೂ ಹೊತ್ತಿಗೆ ಸರಿಯಾಗಿ ಹೋಗಿ ಕೂತೆವು. ಒಂದೊಂದೇ ಬೀಜ ಎತ್ತಿ, ಎರಡೂ ಮಗ್ಗುಲು ನೋಡಿ, ಅನುಮಾನ ಬಂದರೆ ಪಕ್ಕದವಳಿಗೂ ತೋರಿಸಿ, ಆಮೇಲೆ ಮೊರಕ್ಕೆ ಹಾಕಿದೆವು. ಒಂದು ಕೆಟ್ಟ ಬೀಜವೂ ಸೇರಕೂಡದೆಂದು ಸಾಹುಕಾರರೇ ಗೋಡೆಗೆ ಬರೆಸಿದ್ದಾರಲ್ಲ, ಬೈಯುವುದಾದರೂ ಏನೆಂದು? ದಿನಕ್ಕೆ ಮೂವತ್ತು ಮೂಟೆ ಆಗುತ್ತಿದ್ದದ್ದು ಮೂರಕ್ಕೆ ಇಳಿಯಿತು. ಮಂಗಳೂರಿಗೆ ಹೋಗಬೇಕಾದ ಲಾರಿ ಅಂಗಳದಲ್ಲೇ ನಿಂತಿತು.

ನನಗಿದ್ದ ಭಯವೆಲ್ಲ ನಿಮ್ಮಪ್ಪನದು. ಅದೇ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದ ಮೇಸ್ತ್ರಿ, ಸಾಹುಕಾರರ ಉಪ್ಪು ತಿಂದವರು. ನೀನು ಕೂಲಿಗಾರರ ಸಂಘ ಸೇರಿದೆ ಎಂಬ ಒಂದೇ ಮಾತಿಗೆ ನಿನ್ನನ್ನು ಮನೆ ಬಿಡಿಸಿ, ಎರಡು ವರ್ಷದಿಂದ ನಿನ್ನ ಹೆಸರೆತ್ತದೆ ಇದ್ದವರು. ನಾಲ್ಕನೆಯ ದಿನ ಸಾಹುಕಾರರು ನಮ್ಮೆಲ್ಲರ ಮುಂದೆಯೇ ಅವರನ್ನು ಕರೆದು, ಇದನ್ನು ಶುರು ಮಾಡಿದವಳ ಹೆಸರು ಹೇಳು ಎಂದರು. ನಿಮ್ಮಪ್ಪ ಕೈಕಟ್ಟಿ ನಿಂತು, "ಯಾರೂ ಸುರು ಮಾಡಿಲ್ಲ ಸಾ. ಇಂಗೇ ಆರಿಸ್ಬೇಕು ಅಂತ ಕಲ್ಸಿದೋನು ನಾನೇ. ತೆಗೆಯೋದಾದ್ರೆ ನನ್ನ ತೆಗೀರಿ" ಎಂದರು. ಮೇಸ್ತ್ರಿಯನ್ನೂ ಕಳುಹಿಸಿದರೆ ಆ ಲಾರಿ ತುಂಬಿಸುವವರು ಯಾರು? ಮಧ್ಯಾಹ್ನದ ಹೊತ್ತಿಗೆ ಸಾಹುಕಾರರೇ ಸುವರ್ಣಮ್ಮನಿಗೆ ಕೆಲಸಕ್ಕೆ ಬಾ ಎಂದು ಹೇಳಿಕಳುಹಿಸಿದರು. ಈಗ ಕೂಸಿರುವವರು ದಿನಕ್ಕೆ ಎರಡು ಸಲ ಎದ್ದು ಹೋಗಬಹುದು.

ಮನೆಗೆ ಬಂದ ಮೇಲೆ ಅವರು ಒಂದು ಮುದ್ದೆ ಹೆಚ್ಚಿಗೆ ಉಂಡರು. ನಾಲ್ಕು ದಿನದ ಮೇಲೆ ನನಗೂ ಊಟ ರುಚಿಸಿತು.

ನಿನ್ನ ರೂಮಿನ ಹುಡುಗರಿಗೆಲ್ಲ ನಾನು ಕೇಳಿದೆನೆಂದು ಹೇಳು. ಹೊಟ್ಟೆ ಕಟ್ಟಬೇಡ. ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ದಾಕ್ಷಾಯಣಮ್ಮ

ತಾಳು, ಇನ್ನೊಂದು: ಕಾಗದ ಮಡಿಸುತ್ತಿದ್ದೆ, ನಿಮ್ಮಪ್ಪ ಒಳಗೆ ಬಂದರು. ಹೆಂಗಸರು ಸಂಘ ಕಟ್ಟುತ್ತಾರಂತೆ, ಅರ್ಜಿ ಬರೆದುಕೊಡಿ ಎಂದು ಇವರನ್ನೇ ಹಿಡಿದಿದ್ದಾರೆ. "ನಂಗೇನ್ ಗೊತ್ತಾಯ್ತದೆ ಅವೆಲ್ಲ. ಪಾಲಾಕ್ಷ ಬಂದು ಬರ್ಕೊಡ್ಲಿ" ಎಂದರು. ನಾನು ಕೇಳಿಸದವಳ ಹಾಗೆ, ಯಾರು ಎಂದೆ. "ಪಾಲಾಕ್ಷ ಕಣಮ್ಮಿ" ಎಂದು ಮತ್ತೆ ಹೇಳಿದರು. ಶನಿವಾರದ ರೈಲಿಗೆ ಹೊರಟು ಬಾ.