ನಾಲ್ಕು ಗುಳಿಗೆಗಳ ನತೀಜಾ

ಸೋಮವಾರ, ೧೧ ಜನವರಿ ೧೯೪೩. ಮಧ್ಯಾಹ್ನ ೨-೪೦

ತಾಮ್ರದ ಕೊಡ ಮೆಟ್ಟಿಲ ಮೇಲಿಂದ ಉರುಳಿದ ಸದ್ದು. ದಡಕ್ಕನೆ ಎದ್ದು ಕೂತೆ. ರಾತ್ರಿಯೆಲ್ಲ ಎಚ್ಚರವಿದ್ದವಳು, ಯಾವಾಗ ಕಣ್ಣು ಮುಚ್ಚಿದೆನೋ... ಕೆಳಗೆ ಅತ್ತೆಯ ದನಿ. "ಕೈಯಾಗ ಜೀವ ಇಲ್ಲೇನ ಬೇ ಭಾಗಮ್ಮ?" ಮನೆಗೆಲಸದ ಭಾಗಮ್ಮನ ಉತ್ತರ: "ಕೊಡಾನೇ ಹಾರಕೊಂಡತ್ರಿ ಎವ್ವಾ, ನಾ ಏನ್ ಮಾಡ್ಲಿ?" ನಗು ಬಂತು. ಆಮೇಲೆ ಪಕ್ಕಕ್ಕೆ ನೋಡಿದೆ.

ತುಳಜಾ ಮಲಗಿಯೇ ಇದ್ದಳು. ಐದು ತಿಂಗಳ ಕೂಸು. ರೆಪ್ಪೆ ಕೂಡ ಅಲುಗಿಲ್ಲ.

ಈ ನರೋಣಾ ಊರಿನ ಹೆಂಗಸರದೆಲ್ಲ ಒಂದೇ ಮಾತು: ಪುಣ್ಯವಂತೆ ನೀನು, ಕೂಸು ಅಳುವುದೇ ಇಲ್ಲ. ಅಳದೆ ಇರುವುದಕ್ಕೇ ನನಗೆ ನಿದ್ದೆ ಇಲ್ಲ ಎಂದರೆ ನಗುತ್ತಾರೆ. ರಾತ್ರಿ ಅದರ ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತೇನೆ.

ಟ್ರಂಕಿನಿಂದ ಇಂಟರ್‌ಮೀಡಿಯೆಟ್ ಓದುವಾಗಿನ ಪ್ರಾಕ್ಟಿಕಲ್ ನೋಟ್‌ಬುಕ್ ತೆಗೆದೆ. ಅರ್ಧ ಖಾಲಿ. ಹೈದರಾಬಾದಿನಲ್ಲಿ ಸೈನ್ಸ್ ಕಲಿತದ್ದೂ ಉರ್ದುವಿನಲ್ಲೇ. ಪ್ರತಿ ಪ್ರಯೋಗಕ್ಕೂ ಅವೇ ನಾಲ್ಕು ತಲೆಬರಹ. ಮಕ್ಸದ್, ಉದ್ದೇಶ. ತರೀಕಾ, ವಿಧಾನ. ಮುಶಾಹಿದಾ, ಕಣ್ಣಿಗೆ ಕಂಡದ್ದು. ನತೀಜಾ, ಕೊನೆಗೆ ಸಿಕ್ಕಿದ್ದು. ನತೀಜಾ ಮೊದಲೇ ಬರೆದುಕೊಂಡು ಉಳಿದದ್ದನ್ನು ಹೊಂದಿಸುವವರ ಹಾಳೆಯನ್ನು ನಮ್ಮ ಅಧ್ಯಾಪಕಿ ನಜಮುನ್ನಿಸಾ ಬೇಗಂ ಎಲ್ಲರೆದುರು ಹರಿಯುತ್ತಿದ್ದರು. ನನ್ನದೂ ಒಮ್ಮೆ ಹರಿದಿದ್ದಾರೆ.

ಮಕ್ಸದ್: ಕೂಸು ಇಷ್ಟೊಂದು ಏಕೆ ಮಲಗುತ್ತದೆ?

ಮಂಗಳವಾರ, ೧೨

ಮುಶಾಹಿದಾ: ನಿದ್ದೆ ಇಪ್ಪತ್ತು ತಾಸು. ಹಾಲು ನಾಲ್ಕೇ ಸಲ, ಅದೂ ಎಬ್ಬಿಸಿದರೆ. ಉಸಿರು ನಿಮಿಷಕ್ಕೆ ಇಪ್ಪತ್ತೆರಡು, ಇಷ್ಟು ಸಣ್ಣ ಕೂಸಿಗೆ ಮೂವತ್ತರ ಮೇಲಿರಬೇಕು. ಕಣ್ಣಿನ ಪಾಪೆ ಸಾಸಿವೆಯಷ್ಟು, ಬಿಸಿಲಿನಲ್ಲೂ, ಕತ್ತಲಲ್ಲೂ.

ಜೋಳ ತೂಗುವ ತಕ್ಕಡಿಯಲ್ಲಿ ಕೂರಿಸಿದೆ. ಅತ್ತೆ ಓಡಿ ಬಂದರು. "ಕೂಸಿಗಿ ತೂಗ್ತಾರೇನ ಬೇ? ಅದೇನ್ ಜ್ವಾಳೇನ, ಅಡತಿ ಅಂಗಡಿಗಿ ಹಾಕಾಕ?" ದೃಷ್ಟಿ ತಗಲುತ್ತದಂತೆ. ಉಪ್ಪು ಇಳಿಸಿ ಒಲೆಗೆ ಹಾಕಿದರು.

ಐದು ಸೇರಿಗೂ ಕಡಿಮೆ. ಎರಡು ತಿಂಗಳ ಹಿಂದೆ, ಬಾಣಂತನ ಮುಗಿಸಿ ಇಲ್ಲಿಗೆ ಬಂದಾಗಲೂ ಅಷ್ಟೇ ಇದ್ದಳು.

ಬುಧವಾರ, ೧೩. ಬೆಳಿಗ್ಗೆ ೯

ಸಿಕ್ಕಿತು.

ಎರೆದು ಮುಗಿದ ಮೇಲೆ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಸೆರಗಿನ ಗಂಟಿನಿಂದ ತಗಡಿನ ಡಬ್ಬಿ ತೆಗೆದರು. ಜೋಳದ ಕಾಳಿನಷ್ಟು ಕರಿ ಗುಳಿಗೆ. ಔಡಲೆಣ್ಣೆಯಲ್ಲಿ ತೇಯ್ದು ನಾಲಿಗೆಗೆ. ಮುಂಜಾನೆ ಒಂದು, ದೀಪ ಹಚ್ಚುವ ಹೊತ್ತಿಗೆ ಒಂದು. ಮೂಸಿದೆ. ಅಫೀಮು.

"ಎಲ್ಲಾರ ಮನ್ಯಾಗೂ ಹಾಕ್ತಾರ. ಹೊಲಕ್ಕ ಹೋಗೋರು ಇನ್ನೇನ್ ಮಾಡ್ಬೇಕು? ನಿನ್ ಗಂಡಗೂ ಹಾಕೀನಿ. ನಾಕ್ ಮಂದಿಗಿ ಹಾಕೀನಿ."

"ಉಳದವರು ಎಷ್ಟ್ ಮಂದಿ ಅತ್ತೇರ?"

ಕೇಳಬಾರದಿತ್ತು. ಎಣ್ಣೆ ಬಟ್ಟಲು ಕೆಳಗಿಟ್ಟರು. ಕೂಸಿನ ಬಾಯಿ ಸೆರಗಿನಿಂದ ಒರೆಸಿದರು. ಆಮೇಲೆ ಮೆಲ್ಲಗೆ: "ಅವಕ್ಕ ದೃಷ್ಟಿ ಆಗಿತ್ತು."

ಉಳಿದವರು ನಮ್ಮ ಮನೆಯವರೊಬ್ಬರೇ.

ಶುಕ್ರವಾರ, ೧೫

ಶುಕ್ರವಾರ, ನಿಜಾಮ್ ಸರ್ಕಾರದ ಕಚೇರಿಗಳಿಗೆ ರಜೆ. ಅಫಜಲಪುರದಲ್ಲಿ ನೌಕರಿಯಲ್ಲಿರುವ ಇವರು ನಿನ್ನೆ ಸಂಜೆ ಬಂದರು. ನೋಟ್‌ಬುಕ್ ತೋರಿಸಿದೆ. ಚೆನ್ನಾಗಿ ಬರೆದಿದ್ದೀಯ ಅಂದರು! ಪರೀಕ್ಷೆಯ ಪೇಪರ್ ನೋಡಿದ ಹಾಗೆ.

"ಅವ್ವಗ ಎದುರು ಆಡಬ್ಯಾಡ. ನಾ ತಿಂದು ಬೆಳದೇನಿ, ನನಗೇನಾಗ್ಯಾದ?"

"ನಿಮ್ಮ ಜೋಡಿ ತಿಂದವರ ಸುದ್ದಿ ಯಾರಿಗಿ ಕೇಳ್ಲಿ?"

ತಟ್ಟೆ ಬಿಟ್ಟು ಎದ್ದರು. ಕೂಸನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆಂದೆ. ಸುಗ್ಗಿಯ ಹೊತ್ತಿನಲ್ಲಿ ಸೊಸೆ ಮನೆ ಬಿಟ್ಟಳೆಂದರೆ ಊರು ಏನನ್ನುತ್ತದೆ, ಅಂದರು. ಈ ವಾಡೆಯ ದೊಡ್ಡ ಬಾಗಿಲು ದಾಟಬೇಕಾದರೆ ನಾನು ಅತ್ತೆ, ಗಂಡ, ಊರು, ಈ ಮೂವರನ್ನು ಕೇಳಬೇಕು. ಡಬ್ಬಿ ಕೂಸಿನ ಬಾಯಿ ದಾಟಲು ಯಾರನ್ನೂ ಕೇಳಬೇಕಿಲ್ಲ.

ಶನಿವಾರ, ೧೬

ಜಗಳದಿಂದ ಆಗದು. ಪ್ರಯೋಗದಿಂದ ಆದೀತು.

ತರೀಕಾ: ಬೆಲ್ಲ ಕರಿಯಾಗುವಂತೆ ಸುಟ್ಟು, ಜೋಳದ ಹಿಟ್ಟಿನಲ್ಲಿ ಕಲಸಿ, ಅಷ್ಟೇ ಗಾತ್ರದ ಗುಳಿಗೆ ಕಟ್ಟಿದೆ. ನಲವತ್ತು. ದಿನಕ್ಕೆರಡರಂತೆ ಇಪ್ಪತ್ತು ದಿನಕ್ಕೆ. ಅತ್ತೆ ಮೈ ತೊಳೆಯಲು ಹೋದಾಗ ಡಬ್ಬಿಯೊಳಗಿನದನ್ನು ಬದಲಿಸಿದೆ. ನಿಜವಾದವು ಒಲೆಗೆ. ಡಬ್ಬಿಯನ್ನು ಮತ್ತೆ ಅದೇ ಗಂಟಿಗೆ ಕಟ್ಟಿಟ್ಟೆ. ಕಳ್ಳಿಯ ಹಾಗೆ.

ಸೋಮವಾರ, ೧೮

ಎರಡು ದಿನದಿಂದ ಒಂದೇ ಸವನೆ ಅಳು. ಕಾಗೆಯ ಮರಿಯಂಥ ದನಿ. ಬೆವರು, ಸೀನು, ಆಕಳಿಕೆ, ನೀರಿನಂಥ ಭೇದಿ. ಇದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ. ಮತ್ತೆ ನಿಜವಾದ ಗುಳಿಗೆ ಕೊಡೋಣವೇ ಎಂದೂ ಅನ್ನಿಸಿತು. ಆದರೆ ಅವು ಬೂದಿಯಾಗಿವೆ.

ಅತ್ತೆ ಡಬ್ಬಿ ಅಲ್ಲಾಡಿಸಿ ಅಂದರು, "ಹಳೀ ಮಾಲು. ಕಸುವು ಹೋಗ್ಯಾದ. ನಾಳಿಂದ ಹೊತ್ತಿಗಿ ಎರಡೆರಡ್ ಹಾಕ್ತೇನಿ."

ಹಾಕಲಿ ಅಂದುಕೊಂಡೆ. ಬೆಲ್ಲವೇ ತಾನೆ.

ಗುರುವಾರ, ೨೧

ಇಂದಿನಿಂದ ಹೊತ್ತಿಗೆ ಮೂರು ಗುಳಿಗೆ. ಅಳು ಕಡಿಮೆ. ಭೇದಿ ನಿಂತಿದೆ. ಎದೆಗೆ ತಾನಾಗಿಯೇ ಬಾಯಿ ಹಾಕಿದಳು! ಪಾಪೆ ದೊಡ್ಡವಾಗಿವೆ. ಉಸಿರು ಮೂವತ್ತೆಂಟು.

ಇವರು ನಾಳೆ ಬರುವುದಿಲ್ಲವಂತೆ, ರೈತರಿಂದ ಸರ್ಕಾರದ ಲೆವಿ ಜೋಳ ವಸೂಲಿ ಮಾಡುವ ಕೆಲಸ. ಬಂದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ. ಒಬ್ಬಳೇ ಅತ್ತೆಗೆ ಹೇಳಲು ಧೈರ್ಯವಿಲ್ಲ. ಬರುವ ಶುಕ್ರವಾರ, ಇಬ್ಬರನ್ನೂ ಕೂರಿಸಿ, ನೋಟ್‌ಬುಕ್ ಮುಂದಿಟ್ಟು...

ರವಿವಾರ, ೨೪

ನತೀಜಾ: ಅಫೀಮು ನಿಂತ ಎಂಟು ದಿನಕ್ಕೆ ಕೂಸು ಗೆಲುವಾಗಿದೆ. ತೂಕ ಏರಿದೆ. ಇಂದು ನಕ್ಕಳು. ನಿನ್ನೆ ರಾತ್ರಿ ನಾನೂ ಮಲಗಿದೆ, ಐದು ತಾಸು.

ಅತ್ತೆ ಓಣಿಯವರಿಗೆಲ್ಲ ಹೇಳುತ್ತಿದ್ದಾರೆ: "ಒಂದಕ್ಕ ಬಗ್ಗಲಿಲ್ಲ, ಎರಡಕ್ಕ ಬಗ್ಗಲಿಲ್ಲ. ನಾಕ್ ಹಾಕ್ದೆ ನೋಡ್ರಿ, ಹೆಂಗ ಆಡಾಕತ್ಯಾದ!" ಭಾಗಮ್ಮ ನನಗೆ ಬುದ್ಧಿ ಹೇಳಿದಳು: "ನಿಮ್ಮ ಬುಕ್ಕಿಗಿಂತ ನಮ್ಮ ದೊಡ್ಡವ್ವಾರ ಕೈ ಗುಣ ದೊಡ್ಡದ್ರಿ ಸಣ್ಣವ್ವಾರ." ಒಳಗೊಳಗೇ ನಕ್ಕೆ. ಅವರದೂ ಒಂದು ಪ್ರಯೋಗ, ಅವರದೂ ಒಂದು ನತೀಜಾ.

ನಕ್ಕೆ. ಅಯ್ಯೋ ದೇವರೆ, ನಕ್ಕೆನಲ್ಲ.

(ಮೇಲಿನ ಸಾಲು ಸೋಮವಾರ ಬರೆದದ್ದು.)

ಸೋಮವಾರ, ೨೫. ಸಂಜೆ ೭-೧೦

ಇದನ್ನು ಓದುವವರೆ, ಮೇಲಿನದೆಲ್ಲ ಓದಲು ಹೊತ್ತಿಲ್ಲದಿದ್ದರೆ ಇದಿಷ್ಟನ್ನಾದರೂ ಓದಿರಿ.

ಹೊತ್ತಿಗೆ ಎರಡು, ಮೂರು, ನಾಲ್ಕು ಎಂದು ಹಾಕಿ ನನ್ನ ಬೆಲ್ಲದ ಗುಳಿಗೆ ನಿನ್ನೆಯೇ ಮುಗಿದಿವೆ. ನಾನು ಎಣಿಸಲಿಲ್ಲ. ಎಲ್ಲ ಎಣಿಸಿದೆ, ಅದನ್ನು ಎಣಿಸಲಿಲ್ಲ. ಟಪಾಲು ಒಯ್ಯುವ ಮೆಹಬೂಬ ಆಳಂದ ಬಜಾರಿನಿಂದ ಅತ್ತೆಗೆ ಹೊಸ ಡಬ್ಬಿ ತಂದುಕೊಟ್ಟಿದ್ದಾನೆ. ನಾನು ಬಚ್ಚಲಲ್ಲಿದ್ದೆ. ಐದೂವರೆಗೆ ಹಾಕಿದ್ದಾರೆ. ನಾಲ್ಕು. ನಿಜವಾದವು. ಒಂಬತ್ತು ದಿನದಿಂದ ಒಂದೂ ಇಲ್ಲದ ಕೂಸಿಗೆ.

೬-೩೦ಕ್ಕೆ ಉಸಿರು ಹದಿನಾಲ್ಕು. ೭ಕ್ಕೆ ಹನ್ನೊಂದು. ಉಗುರು ನೀಲಿ. ಪಾಪೆ ಸೂಜಿಯ ಮೊನೆ.

ಅತ್ತೆಗೆ ಎಲ್ಲ ಹೇಳಿದೆ. ಬೈಯಲಿಲ್ಲ. "ದಿನಾ ಹಾಕಿದಷ್ಟೇ ಹಾಕೀನಿ ಬೇ... ದಿನಾ ಹಾಕಿದಷ್ಟೇ..." ಅದೊಂದೇ ಮಾತು. ಅವರು ಹಾಕಿದ್ದು ನಾಲ್ಕು. ನಾಲ್ಕು ಹಾಕಬಹುದೆಂದು ಕಲಿಸಿದವಳು ನಾನು. ಇದು ದವಾಖಾನೆಯ ಕಾಗದದಲ್ಲೂ ಹೀಗೆಯೇ ಬರೆಯಲಿ. ಅವರ ಹೆಸರು ಬೇಡ.

೭-೨೫

ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದರಲ್ಲಿ ಅವಳ ಅಂಗಾಲು ಉಜ್ಜುತ್ತಿದ್ದೇನೆ. ನಿಲ್ಲಿಸಿದರೆ ಉಸಿರೂ ನಿಲ್ಲುತ್ತದೆ, ಎರಡು ಸಲ ನೋಡಿದೆ. ಚಕ್ಕಡಿಯಲ್ಲಿ ಗುಲಬರ್ಗಾ ಮುಟ್ಟಲು ರಾತ್ರಿಯೆಲ್ಲ ಬೇಕು. ಅಲ್ಲಿಂದ ಮೋಟಾರು ಬಂದರೆ ಬೇಗ. ಅತ್ತೆ ಈ ಪುಸ್ತಕಕ್ಕಾಗಿ ಎದುರಿಗೇ ನಿಂತಿದ್ದಾರೆ. ತಾವೇ ಮೆಹಬೂಬನ ಮನೆಗೆ ಒಯ್ಯುತ್ತಾರಂತೆ. ತಲೆಯ ಮೇಲೆ ಸೆರಗಿಲ್ಲ.

ಮೆಹಬೂಬ ಸೈಕಲ್ ಮೇಲೆ ಇದನ್ನು ಆಳಂದಕ್ಕೆ ತರುತ್ತಾನೆ. ಅಲ್ಲಿನ ಪೊಲೀಸ್ ಥಾಣೆಯಲ್ಲಿ ಟೆಲಿಫೋನ್ ಇದೆ ಎಂದು ಅವನೇ ಒಮ್ಮೆ ಹೇಳಿದ್ದ. ಥಾಣೆಯವರೆ, ನಿಮಗೆ ಕನ್ನಡ ಬಾರದಿದ್ದರೆ ಅವನು ಓದಿ ಹೇಳುತ್ತಾನೆ. ಗುಲಬರ್ಗಾದ ದೊಡ್ಡ ದವಾಖಾನೆಗೆ ಫೋನ್ ಮಾಡಿ, ನರೋಣಾಕ್ಕೆ ಮೋಟಾರಿನಲ್ಲಿ ಡಾಕ್ಟರನ್ನು ಕಳಿಸಲು ಹೇಳಿರಿ. ಐದು ತಿಂಗಳ ಕೂಸು, ಐದು ಸೇರು, ಅಫೀಮಿನ ಗುಳಿಗೆ ನಾಲ್ಕು, ಐದೂವರೆಗೆ, ಇಷ್ಟು ಹೇಳಿದರೆ ಡಾಕ್ಟರಿಗೆ ತಿಳಿಯುತ್ತದೆ. ಸಾಹೇಬರು ಮಲಗಿದ್ದಾರೆ, ಮುಂಜಾನೆ ನೋಡೋಣ ಎಂದು ಯಾರಾದರೂ ಅಂದರೆ ಈ ಹಾಳೆ ತೋರಿಸಿರಿ. ೭-೩೫ಕ್ಕೆ ಉಸಿರು ಒಂಬತ್ತು. ನಿಮಗೂ ಮಕ್ಕಳಿರಬಹುದು. ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಒಂದು ಫೋನ್