ಹೊಲದಲ್ಲಿ ಎದ್ದ ಇಲಿಮೊಲೆ

ಮೆಮ್ರಾಮ್‌ಕುಕ್
ಆಗಸ್ಟ್ 9, 1994

ಪ್ರೀತಿಯ ತೆಯೋತಿಮ್,

ಹೇಗಿದ್ದೀಯಪ್ಪಾ? ಈಸ್ಟರಿಗೆ ನೀನು ಹಾಕಿದ ಕಾರ್ಡಿಗೆ ಈಗ ಉತ್ತರ ಬರೀತಿದ್ದೀನಿ, ಬೈಕೋಬೇಡ. ನಿನ್ನಣ್ಣನ ಚಿಂತೆಯಲ್ಲಿ ಪೆನ್ನು ಹಿಡಿಯೋ ಮನಸ್ಸೇ ಇರಲಿಲ್ಲ. ಈಗ ಆಲೀರ್ ಚೆನ್ನಾಗಿದ್ದಾನೆ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಎರಡು ವರ್ಷದ ಹಿಂದೆ ಬಿರುಗಾಳಿಗೆ ಒಡ್ಡು ಒಡೆದು, ಹಿರಿಯರು ಸಮುದ್ರ ತಡೆದು ಮಾಡಿದ ನಮ್ಮ ಹುಲ್ಲಿನ ಹೊಲಕ್ಕೆ ಮತ್ತೆ ಸಮುದ್ರ ನುಗ್ಗಿದ್ದು ನಿನಗೆ ಗೊತ್ತೇ ಇದೆ. ಸರ್ಕಾರದವರು ಮತ್ತೆ ಕಟ್ಟಲ್ಲ ಅಂದುಬಿಟ್ಟರು. ಯಾವ ಹೊಲಕ್ಕೋಸ್ಕರ ಆಲೀರ್ ನಿನ್ನನ್ನ ಮನೆಯಿಂದಾಚೆ ಹಾಕಿದನೋ ಅದೇ ಹೋಯ್ತು. ಅವನು ಮಾತು ಬಿಟ್ಟ, ಅರ್ಧ ಊಟ ಬಿಟ್ಟ. ಹೊಲ ಕಾಣೋ ಕಿಟಕಿಗೆ ಬೆನ್ನು ಹಾಕಿ ಕೂತ. ಇವನು ಇನ್ನೊಂದು ಚಳಿಗಾಲ ದಾಟಲ್ಲ ಅಂತ ನಾನು ಹೆದರಿ ಹೋಗಿದ್ದೆ.

ಹೋದ ಗುರುವಾರ ಗಿಡಗಳ ಸರ್ವೆಗೆ ಬಂದ ಹುಡುಗಿಯೊಬ್ಬಳು ಬಾಗಿಲು ತಟ್ಟಿ, "ನಿಮ್ಮ ಹೊಲದ ತುಂಬಾ ಸ್ಯಾಲಿಕಾರ್ನಿಯ ಎದ್ದಿದೆ, ನೋಡಿದ್ರಾ?" ಅಂದಳು.

"ಅದ್ಯಾವ ಕಾಯಿಲೆ?" ಅಂದ ಇವನು!

ಹೋಗಿ ನೋಡಿದರೆ ಉಪ್ಪುನೀರಿನ ಕೆಸರಲ್ಲಿ ಏಳೋ ನಮ್ಮ ಇಲಿಮೊಲೆ ಸೊಪ್ಪು ಕಣೋ! ಎಲೆಯಿಲ್ಲದ ಗಂಟುಗಂಟು ಹಸಿರು ಕಡ್ಡಿ, ಕೆಸರೇ ಕಾಣದ ಹಾಗೆ. ಹೂ ಬಿಟ್ಟರೂ ಗೊತ್ತಾಗದಷ್ಟು ಪುಟ್ಟದು. ನಿನ್ನಣ್ಣ ಅಲ್ಲೇ ಕುಕ್ಕರಿಸಿ ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡ. "ಎಕ್ಸಿಲ್ದಾ, ಬಕೆಟ್ ತಾರೇ" ಅಂದ. ಎರಡು ವರ್ಷದಲ್ಲಿ ಅವನು ನನ್ನ ಹೆಸರು ಹಿಡಿದು ಕರೆದದ್ದು ಅವತ್ತೇ. ಬಕೆಟ್ ಹಿಡಿದು ನಿಂತು ಅತ್ತುಬಿಟ್ಟೆ.

ಸಂಜೆ ಬೇಯಿಸಿ ಬೆಣ್ಣೆ ಹಾಕಿ ಕೊಟ್ಟೆ. ಬೇರು ಹಿಡಿದು ಹಲ್ಲಲ್ಲಿ ಎಳೆದೆಳೆದು ತಿಂದ, ನಾರು ತಟ್ಟೆ ಪಕ್ಕ ಗುಡ್ಡೆ ಬಿತ್ತು.

"ನಿಧಾನ, ಕಟ್ಟಿಸಿದ ಹಲ್ಲು ಕಿತ್ತು ಬಂದೀತು" ಅಂದೆ.

"ಬರಲಿ ಬಿಡು" ಅಂದ. ಆಮೇಲೆ ತಟ್ಟೆ ನೋಡ್ತಾ, "ಸಮುದ್ರದ್ದನ್ನ ಸಮುದ್ರಕ್ಕೆ ಬಿಟ್ಟುಬಿಡೋಣ ಅಂತ ತೆಯೋತಿಮ್ ಅಂದಿದ್ದೇ ಸರಿ. ಬಾ ಅಂತ ಬರಿ ಅವನಿಗೆ."

"ನೀನೇ ಬರಿ."

"ನನಗೆ ನಾಚಿಕೆ ಕಣೇ" ಅಂದ, ಈ ಅರವತ್ತೆಂಟು ವರ್ಷದ ಗಂಡಸು!

ಅದಕ್ಕೇ ನಾನು ಬರೀತಿದ್ದೀನಿ. ಗಿಡ ಬಲಿತು ಕೆಂಪಾಗೋ ಮುಂಚೆ ಬಾ. ನನ್ನೆದೆ ಮೇಲಿನ ಕಲ್ಲು ಇಳಿದ ಹಾಗಾಗಿದೆ. ಮೇರಿಮಾತೆ ನಿನ್ನನ್ನ ಚೆನ್ನಾಗಿಟ್ಟಿರಲಿ.

ನಿನ್ನ ಅತ್ತಿಗೆ,
ಎಕ್ಸಿಲ್ದಾ

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಧೈರ್ಯ ಇರಲಿಲ್ಲ. ನೀನು ಬರೋ ಮುಂಚೆ ಗೊತ್ತಿರಲಿ. ಅತ್ತೆ ಸಾಯೋ ಮುಂಚೆ ಮೂರು ದಿನ ನಿನ್ನನ್ನೇ ಕೇಳಿದರು. "ಕರೀಬೇಡ" ಅಂತ ಆಲೀರ್ ಅಂದ, ನಾನು ಕರೀಲಿಲ್ಲ. ಮಣ್ಣು ಮಾಡಿದ ಮೇಲೆ ನಿನಗೆ ತಿಳಿಸಿದ್ವಿ. ಕೊನೇ ದಿನ ಅವರ ಗೋಳು ನೋಡಲಾರದೆ, "ತೆಯೋತಿಮ್ ಬಂದಿದ್ದಾನೆ ಅತ್ತೆ, ಹೊರಗೆ ಬೂಟಿನ ಕೆಸರು ತೊಳೀತಿದ್ದಾನೆ" ಅಂದೆ. ಅವರು ಬಾಗಿಲ ಕಡೆ ಮುಖ ತಿರುಗಿಸಿ, ನಗ್ತಾ ಕಾದರು.