ಹಳ್ಳದ ಈಚೆಯ ಎರಡು ಮನೆ

ಅಕ್ಟೋಬರ್ 9, ಬೆಳಿಗ್ಗೆ

ಇವತ್ತೂ ಒಲೆ ಹತ್ತಲಿಲ್ಲ. ತೆಂಗಿನ ಮಟ್ಟೆ ಎಲ್ಲ ನೆಂದು ಕೂತಿದೆ. ಗ್ಯಾಸ್ ಮುಗಿದು ವಾರವಾಯಿತು. ಕೊನೆಗೆ ಕರಟ ಉರಿಸಿ ಕಾಫಿ ಕಾಸಿದೆ. ಒಬ್ಬಳಿಗೆ ಎಷ್ಟು ಬೇಕು... ಆದರೂ ಪ್ರತಿ ಸಲ ಎರಡು ಲೋಟ ಆಗುತ್ತದೆ.

ನಮ್ಮನೆಯವರು, ಚಿರಂಜೀವಿ, ಕೊಬ್ಬರಿ ಲಾರಿ ಓಡಿಸಿಕೊಂಡು ದೆಹಲಿ ಕಡೆ ಹೋಗಿದ್ದಾರೆ. ಮಗಳು ಧನು ಶಾಲೆಗೆಂದು ಹುಳಿಯಾರಿನಲ್ಲಿ, ನನ್ನ ಅಮ್ಮನ ಹತ್ತಿರ. ಅಣ್ಣತಮ್ಮಂದಿರು ಪಾಲಾದಾಗ ನಮಗೆ ಬಂದ ಈ ಬೆದ್ದಲು ಹೊಲದಲ್ಲಿ ಶೀಟಿನ ಮನೆ, ಹೊಸದಾಗಿ ನೆಟ್ಟ ತೆಂಗಿನ ಸಸಿ, ನಾನು. ಹಳ್ಳದ ಈಚೆಗೆ ಇನ್ನೊಂದೇ ಮನೆ, ಹನುಮಕ್ಕಜ್ಜಿಯದು. ನಮ್ಮ ಹಸು ಅವರ ಹುರುಳಿಗೆ ನುಗ್ಗಿದಾಗಿನಿಂದ ಮಾತಿಲ್ಲ.

ಸಂಜೆ

ಕರೆಂಟಿಲ್ಲ. ಧನು ಬಿಟ್ಟು ಹೋದ ಪುಸ್ತಕ ಸಿಕ್ಕಿತು. ಹಳೆಯ ಮಕ್ಕಳ ಕಾದಂಬರಿ. ಯಾವುದೋ ದೂರದ ದೇಶದಲ್ಲಿ ಕೆಲವು ಸಂಸಾರಗಳು ಗಾಡಿ ಕಟ್ಟಿಕೊಂಡು ಯಾರೂ ಇಲ್ಲದ ಬಯಲಿಗೆ ಹೋಗುತ್ತವೆ. ಅಲ್ಲೇ ಮನೆ ಕಟ್ಟುತ್ತವೆ. ಬಾಗಿಲು ತೆಗೆಯಲಾಗದಷ್ಟು ಹಿಮ ಬೀಳುತ್ತದೆ. ಮೇಲೆ ಶೀಟಿಗೆ ಮಳೆ ಬಡಿಯುತ್ತಿತ್ತು. ಓದುತ್ತಾ ಕೂತೆ. ಆ ತಾಯಿ, ಗಂಡ, ಮಕ್ಕಳು, ಎಲ್ಲರೂ ಒಂದೇ ಕೋಣೆಯಲ್ಲಿ ಒಲೆಯ ಸುತ್ತ.

ಹೊಟ್ಟೆಕಿಚ್ಚಾಯಿತು.

ಅಕ್ಟೋಬರ್ 11

ಹಳ್ಳ ಬಂದಿದೆ. ಇನ್ನು ದಾಟುವ ಮಾತಿಲ್ಲ. ಬದುವಿನ ಮೇಲೆ ನಿಂತರೆ ಮಾತ್ರ ಸಿಗ್ನಲ್. ಛತ್ರಿ ಹಿಡಿದು ಫೋನ್ ಮಾಡಿದೆ.

"ಊರಿಗೆ ಹೋಗ್ಬುಡಾನ ಕಣ್ರೀ. ನನ್ ಕೈಲಾಗಲ್ಲ ಇಲ್ಲಿ."

"ಬಂದ್ಮೇಲೆ ಮಾತಾಡಾನ ಬುಡು. ಸಸಿ ಎಂಗವೆ?"

ಸಸಿ ಹೇಗಿವೆ ಎಂದು ಕೇಳಿದರು. ನಾನು ಹೇಗಿದ್ದೇನೆ ಎಂದು... ಕೇಳುತ್ತಿದ್ದರೇನೋ. ಚಾರ್ಜ್ ಮುಗಿಯಿತು.

ಅಕ್ಟೋಬರ್ 12

ಮಧ್ಯಾಹ್ನ ಧಡಾರ್ ಎಂದು ಸದ್ದು. ಹೊರಗೆ ಬಂದು ನೋಡಿದರೆ ಅಜ್ಜಿಯ ಮನೆಯ ಮೂಡಲ ಗೋಡೆ ಇಲ್ಲ. ಗೋಣಿ ಕೊಪ್ಪೆ ಹಾಕಿಕೊಂಡು ಓಡಿದೆ. ಕೆಸರಿನಲ್ಲಿ ಒಂದು ಚಪ್ಪಲಿ ಹೋಯಿತು. ಅಜ್ಜಿ ಮೂಲೆಯಲ್ಲಿ, ಒಡೆದ ಹೆಂಚಿನ ಮಧ್ಯೆ, ಬೀಸುವ ಕಲ್ಲಿಗೆ ಒರಗಿ ಕೂತಿದ್ದರು. ಹಣೆಯಲ್ಲಿ ರಕ್ತ.

"ಏಳಿ ಅಜ್ಜಿ, ನಮ್ಮನೆಗೆ ಹೋಗಾನ."

"ನಾ ಬರಕಿಲ್ಲ ಹೋಗು. ನಿನ್ ಹಸ ಇದ್ದಂಗೇ ನೀನೂವೆ. ಹೇಳ್ದೆ ಕೇಳ್ದೆ ನುಗ್ತೀಯ."

ಪಕ್ಕದ ಗೋಡೆ ಬಿರುಕು ಬಿಡುತ್ತಿತ್ತು. ವಾದ ಮಾಡಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದೆ. ಎಷ್ಟು ಹಗುರ ಇದ್ದಾರೆ! ಬದು ದಾಟುವಷ್ಟರಲ್ಲಿ ಹಿಂದೆ ಮತ್ತೊಂದು ಸದ್ದು. ಇಬ್ಬರೂ ತಿರುಗಿ ನೋಡಲಿಲ್ಲ.

ಅಕ್ಟೋಬರ್ 13

ಅಜ್ಜಿಗೆ ಮೈ ಸುಡುತ್ತಿದೆ. ಧನುಗೆಂದು ಇಟ್ಟಿದ್ದ ಜ್ವರದ ಮಾತ್ರೆ ಕೊಟ್ಟೆ. ಹಿಟ್ಟು ಮುಗಿಯಿತು. ರಾಗಿ ಇದೆ, ಮಿಲ್ಲು ಹಳ್ಳದಾಚೆ. ಮಳೆ ಬಿಡುವು ಕೊಟ್ಟಾಗ ಹೋಗಿ ಅಜ್ಜಿಯ ಬೀಸುವ ಕಲ್ಲನ್ನು ಮಣ್ಣಿನಿಂದ ಬಿಡಿಸಿದೆ. ಮೇಲಿನದೊಮ್ಮೆ, ಕೆಳಗಿನದೊಮ್ಮೆ ಉರುಳಿಸಿಕೊಂಡು ತಂದೆ. ಬೀಸಲು ಬಾರದು. ಅಜ್ಜಿ ಮಲಗಿದ್ದಲ್ಲಿಂದಲೇ ಗದರಿದರು.

"ಅಷ್ಟೊಂದ್ ಸುರೀಬ್ಯಾಡ ಕಣೇ. ಒಂದ್ ಹಿಡಿ. ಹೂಂ, ಅಂಗೆ."

ಮುದ್ದೆ ತರಿತರಿ. ಎರಡು ತುತ್ತು ನುಂಗಿದರು.

ಅಕ್ಟೋಬರ್ 15, ಸಂಜೆ

ಜ್ವರ ಇಳಿಯಿತು. ದೀಪದ ಬೆಳಕಿನಲ್ಲಿ ಪುಸ್ತಕ ಓದಿ ಹೇಳಿದೆ.

"ಹಿಮ ಅಂದ್ರೆ ಆಲಿಕಲ್ಲಾ?"

"ಅಲ್ಲ ಅಜ್ಜಿ. ಅರಳೆ ಥರ. ಮೆತ್ತಗೆ ಬೀಳುತ್ತೆ."

"ಮೆತ್ತಗ್ ಬೀಳಾದ್ಕೆ ಯಾಕ್ ಎದ್ರುಕಂತಾರೆ?"

ಮುಂದೆ ಓದಿದೆ. ಹಿಟ್ಟು ತರಲು ಹೋದ ಅಪ್ಪ ಹಿಮದಲ್ಲಿ ದಾರಿ ತಪ್ಪಿದ್ದಾನೆ. ಅಜ್ಜಿ ಕೈ ಅಡ್ಡ ಹಿಡಿದರು. ಅವರೇ ಶುರು ಮಾಡಿದರು.

"ನಾವ್ ಬಂದಾಗ ಹಳ್ಳದೀಚೆ ಐದ್ ಮನೆ ಕಣೇ. ಬರೀ ಕಲ್ಲು, ಕಾರೇಗಿಡ. ಒಂದೊಂದ್ ಮಳೆಗೆ ಒಂದೊಂದ್ ಮನೆಯೋರು ಹೊಂಟೋದ್ರು. ಇಂಗೇ ಹಳ್ಳ ಬಂದಿದ್ದಾಗ ನನ್ ಮಗೀಗೆ ವಾಂತಿಭೇದಿ ಹತ್ಕಂತು. ನಮ್ಮೋರು ಹೆಗಲ್ಮೇಲೆ ಹೊತ್ಕಂಡ್ ನೀರಿಗಿಳುದ್ರು. ದಾಟುದ್ರು. ಆಚೆ ದಡದಾಗೆ ಇಳಿಸಿ ನೋಡುದ್ರೆ..."

"ಮತ್ಯಾಕಜ್ಜಿ ಇಲ್ಲೇ ಉಳ್ಕೊಂಡ್ರಿ?"

"ಅದ್ನ ಇಲ್ಲೇ ಮಣ್ ಮಾಡುದ್ವಲ್ಲ. ಬುಟ್ ಎಲ್ಲಿಗೋಗ್ಲಿ?"

ಪುಸ್ತಕ ಮುಚ್ಚಿದೆ.

"ಯಾಕ್ ನಿಲ್ಲುಸ್ದೆ? ಓದು. ಆವಪ್ಪ ಬತ್ತಾನೋ ಇಲ್ವೋ ನೋಡಾನ."

ಬಂದ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. ಕೊನೆಯ ಪುಟದವರೆಗೂ ಓದಿಸಿದರು.

ಅಕ್ಟೋಬರ್ 18

ಮಳೆ ನಿಂತಿತು. ಹಳ್ಳ ಇಳಿಯಿತು. ಅಂಚಿನ ಸಸಿ ಎಲ್ಲ ಕೊಚ್ಚಿಹೋಗಿವೆ. ಕಂದಿಕೆರೆಯಿಂದ ಅಜ್ಜಿಯ ತಮ್ಮನ ಮಗ ರಂಗನಾಥ ಟ್ರ್ಯಾಕ್ಟರ್ ತಂದಿದ್ದ.

"ಇನ್ನಿಲ್ಲಿ ಏನೈತೆ ಅತ್ತೆ, ನಡಿ."

ಅಜ್ಜಿ ಟ್ರ್ಯಾಕ್ಟರ್ ಹತ್ತಿದರು. ಕುಸಿದ ಮನೆಯ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ. ಹೋದರು. ಸಂಜೆ ಅಡುಗೆ ಮಾಡಲಿಲ್ಲ.

ಅಕ್ಟೋಬರ್ 29

ಚಿರಂಜೀವಿ ಬಂದಿದ್ದರು. ಇವತ್ತು ಮತ್ತೆ ಲೋಡಿಗೆ ಹೋದರು. ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದರು— "ಊರಿಗೆ ಹೋಗಾನ ಅಂದಿದ್ಯಲ್ಲ. ಅಣ್ಣಂಗೆ ಹೇಳಿವ್ನಿ. ಒಂದ್ ರೂಮು ಬುಟ್ಟುಕೊಡ್ತಾನೆ."

"ಬ್ಯಾಡ ಕಣ್ರೀ. ಕೊಚ್ಚಿಹೋದ ಸಸಿ ಮತ್ತೆ ನೆಡಾನ."

ನನ್ನನ್ನೇ ನೋಡಿದರು. ಕೈ ತೊಳೆದು ಗುದ್ದಲಿ ಎತ್ತಿಕೊಂಡರು. ಕತ್ತಲಾಗುವವರೆಗೂ ಇಬ್ಬರೂ ಗುಂಡಿ ತೆಗೆದೆವು. ಈಗ ಅಂಗಳದಲ್ಲಿ ಅವರ ಹೆಜ್ಜೆ ಗುರುತು ಇದೆ. ಗುಡಿಸಲು ಮನಸ್ಸಾಗಲಿಲ್ಲ.

ನವೆಂಬರ್ 6

ಬದುವಿನ ಮೇಲಿದ್ದಾಗ ರಂಗನಾಥನ ಫೋನ್. "ಅತ್ತೆ ಉಣ್ತಿಲ್ಲ ಕಣಕ್ಕ. ಗೋಡೆ ಕಡೀಕ್ ತಿರುಕ್ಕಂಡ್ ಮನಗೈತೆ. ನನ್ ಮನೆ ತಾವ ಬುಟ್ ಬಾ ಅಂತ ಒಂದೇ ಸಮ. ಅಲ್ಲಿ ಮನೆ ಎಲ್ಲೈತೆ?"

"ನಮ್ಮನೆ ಐತಲ್ಲಪ್ಪ. ಕರ್ಕೊಂಡ್ ಬಾ."

ಚಿರಂಜೀವಿಯನ್ನು ಕೇಳಬೇಕಿತ್ತೇನೋ. ಕೇಳಲಿಲ್ಲ. ಹೇಳಿದರಾಯಿತು.

ನವೆಂಬರ್ 7

ಹಾಸಿಗೆ ಬಿಸಿಲಿಗೆ ಹಾಕಿ ತೆಗೆದೆ. ಒಲೆಯ ಪಕ್ಕದ ಮೂಲೆ ಅಜ್ಜಿಗೆ ಬೆಚ್ಚಗಿರುತ್ತದೆ. ಹುರುಳಿ ಸಾರು ಕುದಿಯುತ್ತಿದೆ. ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ.

ಟ್ರ್ಯಾಕ್ಟರ್ ಸದ್ದು. ಹಳ್ಳದ ಆಚೆ ಮರಳಿನಲ್ಲಿ ಹೂತುಕೊಂಡಿತೇನೋ, ಅಲ್ಲೇ ನಿಂತಿದೆ. ಅಜ್ಜಿ ಇಳಿಯುತ್ತಿದ್ದಾರೆ. ರಂಗನಾಥ ಬೇಡವೆಂದು ಕೂಗುತ್ತಿದ್ದಾನೆ, ಅವರು ಎಲ್ಲಿ ಕೇಳುತ್ತಾರೆ, ಸೀರೆ ಎತ್ತಿ ಕಟ್ಟಿ ಒಬ್ಬರೇ ನೀರಿಗೆ ಇಳಿದೇಬಿಟ್ಟರು. ಬರೆಯುವುದು ಆಮೇಲೆ, ಕೈ ಹಿಡಿಯಲು ಓಡಬೇಕು—